ಕೋರ್ಟಿನ ರಿಜಿಸ್ಟರನ್ನು ಕಂಪ್ಯೂಟರಿಗೆ ತಂದ ನ್ಯಾಯಮೂರ್ತಿ



ನ್ಯಾಯಾಧೀಶರು ಎಂದ ಕೂಡಲೇ ನಮಗೆ ಸಿನಿಮಾದಲ್ಲಿ ಸುತ್ತಿಗೆ ಕುಟ್ಟಿ "ಆರ್ಡರ್ ಆರ್ಡರ್" ಎನ್ನುವವರು ನೆನಪಾಗುತ್ತಾರೆ. ನಾನು ಈ ಸಲ ಬರೆಯುತ್ತಿರುವ ನ್ಯಾಯಮೂರ್ತಿಗಳ ಕೆಲಸ ಬೇರೆ ಥರದ್ದು. ಅವರ ಯಾವ ತೀರ್ಪಿನ ಬಗ್ಗೆಯೂ ನಾನು ಇಲ್ಲಿ ಹೇಳುವುದಿಲ್ಲ. ಕೋರ್ಟಿನ ಕಚೇರಿಯೊಳಗಿನ ದಪ್ಪ ದಪ್ಪ ರಿಜಿಸ್ಟರುಗಳ ಬಗ್ಗೆ ಹೇಳುತ್ತೇನೆ.

ಮೊದಲು ನಮ್ಮ ಜಿಲ್ಲೆಯನ್ನೇ ನೋಡೋಣ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇಲ್ಲೆಲ್ಲ ತಾಲ್ಲೂಕು ಕೋರ್ಟುಗಳಿವೆ. ಜಮೀನಿನ ಪಾಲು, ಬದುವಿನ ಜಗಳ, ತೋಟಕ್ಕೆ ಹೋಗುವ ದಾರಿ, ಸಾಲದ ಪ್ರೋನೋಟು ಇಂಥ ಕೇಸುಗಳು ಅಲ್ಲಿ ನಡೆಯುತ್ತವೆ. ಅಲ್ಲಿ ಸೋತವರು ಅಪೀಲಿಗೆ ಚಿತ್ರದುರ್ಗಕ್ಕೆ ಬರುತ್ತಾರೆ. ಅದರ ಮೇಲೂ ಹೋಗಬೇಕೆಂದರೆ ಬೆಂಗಳೂರಿನ ಹೈಕೋರ್ಟು, ದುರ್ಗದಿಂದ ಸುಮಾರು 200 ಕಿಲೋಮೀಟರ್. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಪೀಠ ಆಯಿತು, ಆದರೆ ನಮ್ಮ ಜಿಲ್ಲೆ ಅದಕ್ಕೆ ಸೇರಿಲ್ಲ.

ಕೇಸು ಅಂದರೆ ವಾಯಿದೆ. ದಫೇದಾರ್ ಹೆಸರು ಕೂಗುತ್ತಾರೆ, ವಕೀಲರು ಎದ್ದು ನಿಲ್ಲುತ್ತಾರೆ, ಎರಡು ನಿಮಿಷದಲ್ಲಿ ಮುಂದಿನ ತಾರೀಖು ಬೀಳುತ್ತದೆ. ಮೊದಲೆಲ್ಲ ಆ ತಾರೀಖು ಕಚೇರಿಯ ಒಂದು ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಕೂಗಿದಾಗ ಕೇಳಿಸದಿದ್ದರೆ ವಕೀಲರನ್ನು ಕೇಳಬೇಕು, ಇಲ್ಲಾ ಗುಮಾಸ್ತರ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕು. ನಮ್ಮ ತಾತನ ಪಾಲಿನ ಕೇಸು ಒಂದು ತಾಲ್ಲೂಕು ಕೋರ್ಟಿನಲ್ಲಿ ಹನ್ನೊಂದು ವರ್ಷ ನಡೆಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೋದರೆ ಎಷ್ಟೋ ದಿನ "ಇವತ್ತು ಸಾಹೇಬ್ರು ರಜ, ಹೋಗಿ ಬನ್ನಿ" ಅನ್ನುತ್ತಿದ್ದರಂತೆ. ಬಸ್ ಚಾರ್ಜೂ ಹೋಯ್ತು, ಆ ದಿನದ ಕೂಲಿಯೂ ಹೋಯ್ತು. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ" ಅಂತ ಹಿರಿಯರು ಹೇಳೋದು ತೀರ್ಪನ್ನು ನೋಡಿ ಅಲ್ಲ, ಈ ಓಡಾಟವನ್ನು ನೋಡಿ ಎಂದು ನನಗನ್ನಿಸುತ್ತದೆ.

ಈಗ ನ್ಯಾಯಮೂರ್ತಿಗಳ ವಿಷಯ. ಅವರ ಹೆಸರು ಜಿ. ಸಿ. ಭರೂಕಾ. ಪಟ್ನಾ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು 1990ರ ದಶಕದಲ್ಲಿ ಕರ್ನಾಟಕ ಹೈಕೋರ್ಟಿಗೆ ವರ್ಗವಾಗಿ ಬಂದರು. (ಹೈಕೋರ್ಟಿನ ನ್ಯಾಯಮೂರ್ತಿಗಳಿಗೂ ಮೇಷ್ಟರ ಹಾಗೆ ವರ್ಗಾವಣೆ ಉಂಟು. ಸಂವಿಧಾನದ 222ನೇ ವಿಧಿಯಲ್ಲಿ ಅದಕ್ಕೆ ಅವಕಾಶವಿದೆ.) ನಮ್ಮ ರಾಜ್ಯದ ಕೋರ್ಟುಗಳಿಗೆ ಕಂಪ್ಯೂಟರ್ ತರುವ ಕೆಲಸದ ಮುಂದಾಳತ್ವ ಅವರದಾಯಿತು. ಆಗ ಕಂಪ್ಯೂಟರ್ ಎಂದರೆ ಟೈಪ್ ಮಾಡುವ ಯಂತ್ರ ಎಂದುಕೊಂಡವರೇ ಹೆಚ್ಚು. ಆದರೆ ಕೇಸಿನ ನಂಬರು, ಎರಡೂ ಕಡೆಯವರ ಹೆಸರು, ವಾಯಿದೆ, ಆದೇಶ ಎಲ್ಲವೂ ಒಂದೇ ಕಡೆ ಸೇರಿದರೆ ಯಾರು ಬೇಕಾದರೂ ನೋಡಬಹುದು. ಅಸಲು ಲಾಭ ಅದು.

ಕರ್ನಾಟಕದಲ್ಲಿ ಮಾಡಿದ ಕೆಲಸ ದೇಶಕ್ಕೆ ಉಪಯೋಗವಾಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಆರ್. ಸಿ. ಲಹೋಟಿಯವರ ಸಲಹೆಯಂತೆ 2004ರ ಡಿಸೆಂಬರಿನಲ್ಲಿ ಇ-ಸಮಿತಿ ರಚನೆಯಾದಾಗ, ನಿವೃತ್ತರಾಗಿದ್ದ ಭರೂಕಾ ಅವರೇ ಅದರ ಅಧ್ಯಕ್ಷರಾದರು. ಆ ಸಮಿತಿ 2005ರಲ್ಲಿ ದೇಶದ ಎಲ್ಲಾ ಕೋರ್ಟುಗಳಿಗೂ ಒಂದು ಯೋಜನೆ ಮಾಡಿಕೊಟ್ಟಿತು. 2007ರಲ್ಲಿ ಇ-ಕೋರ್ಟ್ಸ್ ಎಂಬ ಹೆಸರಿನಲ್ಲಿ ಕೆಲಸ ಶುರುವಾಯಿತು. 2023ರಲ್ಲಿ ಅದರ ಮೂರನೇ ಹಂತಕ್ಕೆ ಕೇಂದ್ರ ಸರ್ಕಾರ 7,210 ಕೋಟಿ ರೂಪಾಯಿ ಒಪ್ಪಿತು. ದೊಡ್ಡ ತೀರ್ಪು ಕೊಟ್ಟವರ ಹೆಸರು ಪಾಠದಲ್ಲಿ ಬರುತ್ತದೆ, ರಿಜಿಸ್ಟರು ಸರಿ ಮಾಡಿದವರ ಹೆಸರು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಇದರಿಂದ ನಮಗೇನು ಬಂತು? ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಸಂಖ್ಯೆ ಇದೆ. ಮೊದಲ ಎರಡು ಅಕ್ಷರ ರಾಜ್ಯದ್ದು, ಮುಂದಿನ ಎರಡು ಜಿಲ್ಲೆಯದು, ಆಮೇಲಿನ ಎರಡು ಅಂಕಿ ಯಾವ ಕೋರ್ಟು ಎಂಬುದಕ್ಕೆ, ನಂತರ ಆರು ಅಂಕಿ ಕೇಸಿನ ಕ್ರಮಸಂಖ್ಯೆ, ಕೊನೆಯ ನಾಲ್ಕು ವರ್ಷ. ಹಳೇ ಪದ್ಧತಿಯ ನಂಬರಿನಲ್ಲಿ ಒಂದು ತೊಂದರೆ ಇತ್ತು. ಅಸಲು ದಾವೆ 25/2012 ಎಂಬುದು ಹಿರಿಯೂರಿನಲ್ಲೂ ಇರಬಹುದು, ಹೊಳಲ್ಕೆರೆಯಲ್ಲೂ ಇರಬಹುದು. ಸಿಎನ್‌ಆರ್ ಹಾಗಲ್ಲ, ಇಡೀ ದೇಶಕ್ಕೆ ಒಂದೇ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಒತ್ತಿದರೆ ಮುಂದಿನ ವಾಯಿದೆ, ಹಿಂದಿನ ವಾಯಿದೆಗಳು, ಯಾವ ಹಂತದಲ್ಲಿದೆ ಎಲ್ಲ ಕಾಣುತ್ತದೆ. ದುಡ್ಡು ಕೊಡಬೇಕಿಲ್ಲ. ಎಷ್ಟು ಕೇಸು ಬಾಕಿ, ಹತ್ತು ವರ್ಷ ದಾಟಿದ್ದು ಎಷ್ಟು ಎಂಬ ಲೆಕ್ಕವನ್ನೂ 2015ರಿಂದ ಸಾರ್ವಜನಿಕರು ನೋಡಬಹುದು.

ಹಾಗಂತ ಕಂಪ್ಯೂಟರ್ ಬಂದ ಮೇಲೆ ಕೇಸು ಬೇಗ ಮುಗಿಯುತ್ತೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ತಾರೀಖು ತಿಳಿಸುತ್ತದೆ, ತಾರೀಖು ಮುಂದೆ ಹೋಗುವುದನ್ನು ತಡೆಯುವುದಿಲ್ಲ. ಸಿವಿಲ್ ದಾವೆಯ ವಿಚಾರಣೆಯಲ್ಲಿ ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ಸಾರಿ ಮುಂದೂಡಿಕೆ ಕೊಡಬಾರದೆಂಬ ನಿಯಮ 2002ರಲ್ಲೇ ಜಾರಿಗೆ ಬಂದಿದೆ. ಕೈಮೀರಿದ ಕಾರಣವಿದ್ದರೆ ಸಡಿಲಿಸಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಯಾವ ಕಾರಣ ಕೈಮೀರಿದ್ದು, ಯಾವುದು ನೆಪ ಎಂದು ತೂಗಿ ನೋಡುವುದು ಕುರ್ಚಿಯ ಮೇಲೆ ಕುಳಿತವರ ಕೆಲಸ. ಒಂದಂತೂ ನಿಜ, ಹಿಂದೆ ಎಷ್ಟು ವಾಯಿದೆ ಆಯಿತೆಂದು ಈಗ ಯಾರೂ ಬಚ್ಚಿಡುವ ಹಾಗಿಲ್ಲ.

ನಿಮ್ಮ ಮನೆಯಲ್ಲಿ ಕೇಸು ನಡೆಯುತ್ತಿದ್ದರೆ ವಕೀಲರನ್ನು ಕೇಳಿ ಆ 16 ಅಕ್ಷರ-ಅಂಕಿಗಳನ್ನು ಬರೆಸಿಕೊಂಡು ಪಹಣಿಯ ಜೊತೆ ಇಡಿ. ದೊಡ್ಡವರಿಗೆ ಆ್ಯಪು ನೋಡಲು ಬರದಿದ್ದರೆ ವಾಯಿದೆಯ ಹಿಂದಿನ ದಿನ ಸಂಜೆ ನೀವೇ ನೋಡಿ ಹೇಳಿ. ಸಂಖ್ಯೆ ಬರೆದುಕೊಳ್ಳುವಾಗ ಸೊನ್ನೆಗಳನ್ನು ಬಿಡಬೇಡಿ, ಒಂದು ಸೊನ್ನೆ ತಪ್ಪಿದರೂ ಕೇಸು ಸಿಕ್ಕುವುದಿಲ್ಲ.

– 10ನೇ ತರಗತಿ, 'ಬಿ' ವಿಭಾಗ