ನ್ಯಾಯನಿರ್ಣಯವೂ ಕೃತಕ ಬುದ್ಧಿಮತ್ತೆಯೂ

ತೀರ್ಪಿನ ಪ್ರಾಮಾಣ್ಯವು ಅದು ನೀಡುವ ಕಾರಣಗಳಲ್ಲಿದೆ. ಅವುಗಳನ್ನು ಮೇಲಿನ ನ್ಯಾಯಾಲಯವು ಪರಿಶೀಲಿಸಬಲ್ಲದೆಂಬುದೇ ಕಕ್ಷಿದಾರನಿಗಿರುವ ರಕ್ಷೆ. ಕೃತಕ ಬುದ್ಧಿಮತ್ತೆಯಾದರೋ ಪದಗಳ ಸಂಭಾವ್ಯ ಅನುಕ್ರಮವನ್ನು ಹೆಣೆಯುತ್ತದೆಯೇ ಹೊರತು ಸತ್ಯಾಸತ್ಯವನ್ನು ವಿವೇಚಿಸದು. ಆದುದರಿಂದ ಎಂದೂ ಹೊರಬೀಳದ ತೀರ್ಪನ್ನೂ ಅದು ನೈಜವೆಂಬಂತೆ ಉದಾಹರಿಸಬಲ್ಲದು.

2025ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಇಲ್ಲದ ತೀರ್ಪುಗಳು ಉಲ್ಲೇಖಗೊಂಡುದನ್ನು ಕಂಡು ಮುಂದಿನ ಕ್ರಮಕ್ಕೆ ಸೂಚಿಸಿತು. ಅಂಥ ಉಲ್ಲೇಖವು ಎಲ್ಲಿಂದಲೇ ಬಂದಿರಲಿ, ಮೂಲವನ್ನು ತೆರೆದು ನೋಡಿದರೆ ದೋಷವು ಅಲ್ಲಿಯೇ ಬಯಲಾಗುತ್ತದೆ. ಅದೇ ವರ್ಷದ ಜುಲೈಯಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ವಿಧಿಸಿ, ನಿರ್ಣಯ, ಪರಿಹಾರ, ತೀರ್ಪುಗಳಿಗೆ ಇಂಥ ಸಾಧನಗಳ ಬಳಕೆಯನ್ನು ನಿಷೇಧಿಸಿತು.

ಶಿವಮೊಗ್ಗದ ಕಕ್ಷಿದಾರನಿಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಕನ್ನಡದಲ್ಲಿ ಒದಗಿಸಲು ಯಂತ್ರವು ನೆರವಾಗಲಿ. ಆದರೆ ಸಹಿ ಹಾಕುವವರ ಹೊಣೆಯನ್ನು ಅದು ಹೊರಲಾರದು.