ಕೊಟ್ಟಿಗೆಯಲ್ಲಿರುವ ಗಮನ ಮಕ್ಕಳ ಮೇಲೂ ಇರಲಿ



ಹಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ನಿಮಗೆ ಗೊತ್ತಾಗುತ್ತದೆ. ಮೆಲುಕು ಹಾಕುವುದು ಕಡಿಮೆಯಾದರೆ, ಕಿವಿ ಜೋತುಬಿದ್ದರೆ, ಹಾಲು ಅರ್ಧ ಲೀಟರ್ ಇಳಿದರೆ ಕೂಡಲೇ ಸಂಘದ ಕಾರ್ಯದರ್ಶಿಯವರ ಮೂಲಕ ನಮ್ಮನ್ನು ಕರೆಸುತ್ತೀರಿ. ಆದರೆ ಮನೆಯ ಹದಿನಾಲ್ಕರ ಹುಡುಗ ವಾರಗಟ್ಟಲೆ ಸರಿಯಾಗಿ ಉಣ್ಣದಿದ್ದರೆ "ಸೊಕ್ಕು" ಎನ್ನುತ್ತೇವೆ. ಹುಡುಗಿ ಮಾತು ಕಡಿಮೆ ಮಾಡಿದರೆ "ವಯಸ್ಸಿನ ಗುಣ" ಎನ್ನುತ್ತೇವೆ. ಪಶುವೈದ್ಯರಿಗೆ ಮಕ್ಕಳ ವಿಷಯವೇಕೆ ಎಂದು ನೀವು ಕೇಳಬಹುದು. ಲಕ್ಷಣ ಗುರುತಿಸುವ ಕಣ್ಣು ನಿಮ್ಮಲ್ಲಿ ಈಗಾಗಲೇ ಇದೆ. ಅದನ್ನು ಮಕ್ಕಳ ಕಡೆಗೂ ತಿರುಗಿಸಿರಿ ಎಂಬುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದ ಸ್ಥಿತಿ

ಹಿಂದೆ ದನ ಕಾಯಲು ಗುಡ್ಡಕ್ಕೆ ಹೋದ ಮಕ್ಕಳು ಜೊತೆಗೂಡಿ ಆಡಿ, ಜಗಳವಾಡಿ, ತಾವೇ ರಾಜಿಯಾಗಿ ಸಂಜೆ ಮನೆಗೆ ಬರುತ್ತಿದ್ದರು. ನಾಲ್ಕು ಜನರೊಡನೆ ಬೆರೆಯುವ ಪಾಠ ಅಲ್ಲೇ ಆಗುತ್ತಿತ್ತು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾದ ನಂತರ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿಯ ಸಾವಿರಾರು ಕುಟುಂಬಗಳು ನೆಲೆ ಬಿಡಬೇಕಾಯಿತು. ಹಳೆಯ ನೆರೆಹೊರೆ ಚದುರಿತು. ಇಂದು ಅಮದಳ್ಳಿಯಂಥ ಊರುಗಳಲ್ಲಿ ದುಡಿಯುವವರು ಗೋವಾಕ್ಕೋ ದೋಣಿಗೋ ಹೋಗಿರುವ ಮನೆಗಳಿವೆ. ದನ ಗುಡ್ಡಕ್ಕೆ ಬಿಡುವುದು ಕಡಿಮೆಯಾಗಿ ಮಕ್ಕಳ ಕೈಗೆ ಮೊಬೈಲ್ ಬಂದಿದೆ. ಮಗು ಮನೆಯೊಳಗೇ ಇದ್ದರೂ ಒಂಟಿಯಾಗಿರಬಹುದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮಾನಸಿಕ ತೊಂದರೆ ಇತ್ತು. ಇದು ಅಪರೂಪದ ಕಾಯಿಲೆಯಲ್ಲ, ನಾಚಿಕೆಯ ವಿಷಯವೂ ಅಲ್ಲ.

ಗಮನಿಸಬೇಕಾದ ಲಕ್ಷಣಗಳು

ನಿದ್ರೆ, ಊಟ ಕೆಡುವುದು. ಗೆಳೆಯರನ್ನು ಬಿಟ್ಟು ಒಂಟಿಯಾಗಿರುವುದು. ಶಾಲೆಗೆ ಹೋಗಲು ಹಿಂಜರಿಯುವುದು. ಕಾರಣವಿಲ್ಲದೆ ಸಿಟ್ಟು, ಅಳು. ಪದೇ ಪದೇ ತಲೆನೋವು, ಹೊಟ್ಟೆನೋವು. ಇವು ಎರಡು ವಾರ ಮೀರಿದರೆ ಅಲಕ್ಷ್ಯ ಮಾಡಬೇಡಿರಿ. "ನಾನು ಇದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿರಿ.

ನೀವು ಮಾಡಬಹುದಾದದ್ದು

1. ಹೆದರಿದ ಹಸು ಕೆಚ್ಚಲು ತುಂಬಿದ್ದರೂ ಹಾಲು ಬಿಡದು. ಭಯದಿಂದ ಅಡ್ರಿನಾಲಿನ್ ಏರಿ, ಹಾಲು ಇಳಿಸುವ ಆಕ್ಸಿಟೋಸಿನ್‌ಗೆ ತಡೆಯಾಗುತ್ತದೆ. ಮಕ್ಕಳೂ ಹಾಗೆಯೇ, ಗದರಿದರೆ ಬಾಯಿ ಬಿಡುವುದಿಲ್ಲ. ಬುದ್ಧಿಮಾತು ಆಮೇಲಿರಲಿ, ಮೊದಲು ಪೂರ್ತಿ ಕೇಳಿರಿ.

2. ಎದುರು ಕೂರಿಸಿ ವಿಚಾರಿಸಿದರೆ ಮಕ್ಕಳು ಮುದುಡುತ್ತಾರೆ. ಹುಲ್ಲು ಹಾಕುವಾಗ, ಸಂಘಕ್ಕೆ ಹಾಲು ಒಯ್ಯುವಾಗ ಜೊತೆಗೆ ಕರೆದುಕೊಂಡರೆ ಮಾತು ತಾನಾಗಿ ಬರುತ್ತದೆ.

3. ಮಲೆನಾಡು ಗಿಡ್ಡದಿಂದ ಎಚ್.ಎಫ್. ಹಸುವಿನ ಹಾಲನ್ನು ನೀವು ನಿರೀಕ್ಷಿಸುವುದಿಲ್ಲ. ಪಕ್ಕದ ಮನೆಯ ಮಗುವಿನ ಅಂಕದೊಡನೆ ನಿಮ್ಮ ಮಗುವನ್ನು ತೂಗಬೇಡಿರಿ.

4. ಒಂದು ಕರುವಿನ ಆರೈಕೆ ಮಗುವಿಗೆ ವಹಿಸಿರಿ. ತನ್ನಿಂದ ಒಂದು ಜೀವ ಬೆಳೆಯಿತೆಂಬ ಧೈರ್ಯ ಬರುತ್ತದೆ. ಆದರೆ ಓದು, ಆಟ, ನಿದ್ರೆಗೆ ಅದು ಅಡ್ಡಿಯಾಗಬಾರದು.

5. ಹತ್ತನೇ ತರಗತಿ ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ನಪಾಸಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು ಎಂಬುದನ್ನು ಮೊದಲೇ ತಿಳಿಸಿರಿ.

ಕೊಟ್ಟಿಗೆಯಲ್ಲಿರುವ ವಿಷ

ಇದು ನನ್ನ ಇಲಾಖೆಗೇ ಸೇರಿದ ಮಾತು. ಉಣ್ಣೆಗೆ ಸಿಂಪಡಿಸುವ ಔಷಧಿ, ತೋಟದ ಕೀಟನಾಶಕ, ಇಲಿ ಪಾಷಾಣ ಇವು ಕೊಟ್ಟಿಗೆಯ ಮಾಡಿನಲ್ಲಿ ಕೈಗೆಟಕುವಂತೆ ಇರುತ್ತವೆ. ದುಡುಕಿನ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆಗ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಆದ್ದರಿಂದ ಬೇಕಾದಷ್ಟೇ ಕೊಳ್ಳಿರಿ, ಬೀಗ ಹಾಕಿಡಿರಿ, ಬೀಗದ ಕೈ ನಿಮ್ಮಲ್ಲೇ ಇರಲಿ. ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. 108ಕ್ಕೆ ಕರೆ ಮಾಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ.

"ಸಾಯುವ ಯೋಚನೆ ಬರುತ್ತದೆಯೇ" ಎಂದು ಮಗುವನ್ನು ನೇರವಾಗಿ ಕೇಳಲು ಅಂಜಬೇಡಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸಿನ ಭಾರ ಇಳಿಯುತ್ತದೆ.

ಸಹಾಯ ಎಲ್ಲಿ?

ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳ "ಸ್ನೇಹ" ಕ್ಲಿನಿಕ್‌ಗಳು ಹದಿಹರೆಯದವರಿಗಾಗಿಯೇ ಇವೆ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು.

ಸಂಘದ ಅಧ್ಯಕ್ಷರಲ್ಲಿ ಒಂದು ವಿನಂತಿ: ಹಾಲಿನ ದರಪಟ್ಟಿಯ ಪಕ್ಕದಲ್ಲಿ 14416 ಎಂದು ದೊಡ್ಡದಾಗಿ ಬರೆಸಿರಿ. ಹಾಲು ಹಾಕಲು ಬರುವವರಲ್ಲಿ ಮಕ್ಕಳೂ ಇರುತ್ತಾರೆ.