ಮನೆನಾಯಿಯ ಕೀಲುನೋವಿಗೆ ಇಂಜೆಕ್ಷನ್: ಲಾಭವೆಷ್ಟು, ಅಪಾಯವೆಷ್ಟು?



ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಸು ಕಟ್ಟಿದ ಮನೆಯಲ್ಲಿ ನಾಯಿಯೂ ಇರುವುದು ವಾಡಿಕೆ. ತೋಟಕ್ಕೆ ಬರುವ ಮಂಗ, ಗದ್ದೆಗೆ ಇಳಿಯುವ ಕಾಡುಹಂದಿ, ರಾತ್ರಿ ಕೊಟ್ಟಿಗೆಯ ಹತ್ತಿರ ಸುಳಿಯುವ ಚಿರತೆ, ಇವನ್ನೆಲ್ಲ ಮೊದಲು ತಿಳಿಸುವುದು ಅದೇ. ಅಂಥ ನಾಯಿಗೆ ಎಂಟು ಹತ್ತು ವರ್ಷವಾದ ಮೇಲೆ ಮಳೆಗಾಲದಲ್ಲಿ ಹಿಂಗಾಲು ಹಿಡಿದುಕೊಳ್ಳುತ್ತದೆ. ಆಗ ಸಹಜವಾಗಿ ಬರುವ ಯೋಚನೆ: "ಹಸುವಿಗೆ ತಂದ ನೋವಿನ ಇಂಜೆಕ್ಷನ್ ಉಳಿದಿದೆಯಲ್ಲ, ಸ್ವಲ್ಪ ನಾಯಿಗೂ ಹಾಕಿದರಾಯಿತು." ಈ ಯೋಚನೆಯಲ್ಲಿ ಕಾಳಜಿ ಇದೆ, ಜೊತೆಗೆ ನಾಯಿಯ ಜೀವಕ್ಕೆ ಅಪಾಯವೂ ಇದೆ. ನೋವಿನ ಇಂಜೆಕ್ಷನ್‌ಗೆ ಹೆದರಿ ದೂರ ಇಡುವುದೂ ಬೇಡ, ಕೈಗೆ ಸಿಕ್ಕಿದ್ದನ್ನು ಚುಚ್ಚುವುದೂ ಬೇಡ. ಎರಡನ್ನೂ ತೂಗಿ ನೋಡೋಣ.

ಕುಂಟುವುದೆಲ್ಲ ಕೀಲುವಾತವಲ್ಲ

ಕೀಲಿನಲ್ಲಿ ಎರಡು ಮೂಳೆಗಳ ನಡುವೆ ನುಣುಪಾದ ಮೆದುಮೂಳೆಯ ಪದರ ಇರುತ್ತದೆ. ವಯಸ್ಸು, ಹೆಚ್ಚಿದ ತೂಕ ಅಥವಾ ಹಳೆಯ ಪೆಟ್ಟಿನಿಂದ ಅದು ಸವೆದಾಗ ಕೀಲು ಊದಿ ನೋವಾಗುತ್ತದೆ. ಸವೆದ ಪದರವನ್ನು ಮೊದಲಿನಂತೆ ಮಾಡುವ ಇಂಜೆಕ್ಷನ್ ಇಲ್ಲ. ನೋವು ಮತ್ತು ಉರಿಯೂತವನ್ನು ಕಡಿಮೆ ಮಾಡಬಹುದು, ಅಷ್ಟೇ.

ನಾಯಿ ನೋವಾದರೆ ಕೂಗುವುದು ಅಪರೂಪ. ಬೆಳಿಗ್ಗೆ ಏಳಲು ತಿಣುಕುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಜಗಲಿ ಹತ್ತಲು ಹಿಂಜರಿಯುತ್ತದೆ. ಒಂದೇ ಕೀಲನ್ನು ನೆಕ್ಕುತ್ತಿರುತ್ತದೆ. ಸೊಂಟ ಮುಟ್ಟಿದರೆ ಗುರ್ ಎನ್ನುತ್ತದೆ. ತೊಡೆಯ ಮಾಂಸ ಇಳಿದಿರುತ್ತದೆ. ಇವು ಕೀಲುವಾತದ ಲಕ್ಷಣಗಳು.

ಆದರೆ ಮಲೆನಾಡಿನಲ್ಲಿ ಇನ್ನೆರಡು ಕಾಯಿಲೆಗಳನ್ನು ಮರೆಯುವಂತಿಲ್ಲ. ಉಣುಗಿನಿಂದ (ಉಣ್ಣೆ) ಬರುವ ಜ್ವರದಲ್ಲೂ ಕೀಲು ಊದಿ ನಾಯಿ ಕುಂಟುತ್ತದೆ. ಅದಕ್ಕೆ ಬೇಕಾದದ್ದು ಬೇರೆ ಔಷಧ. ಇಲಿಜ್ವರ ಬಂದ ನಾಯಿಯೂ ಮೈಕೈ ನೋವಿನಿಂದ ಏಳುವುದಿಲ್ಲ. ಅದರಲ್ಲಿ ಮೂತ್ರಪಿಂಡಕ್ಕೇ ಪೆಟ್ಟು ಬಿದ್ದಿರುವುದರಿಂದ ನೋವಿನ ಇಂಜೆಕ್ಷನ್ ಬೆಂಕಿಗೆ ತುಪ್ಪ ಸುರಿದಂತೆ. ಜ್ವರ, ಬಿಳಿಚಿದ ಒಸಡು, ಹಳದಿ ಕಣ್ಣು, ಊಟ ಬಿಟ್ಟಿರುವುದು ಕಂಡರೆ ವೈದ್ಯರು ನೋಡುವ ತನಕ ಯಾವ ನೋವಿನ ಔಷಧವೂ ಬೇಡ.

ಮೆಲಾಕ್ಸಿಕ್ಯಾಮ್: ಒಳ್ಳೆಯದೂ ಹೌದು, ಹುಷಾರೂ ಬೇಕು

ಈಗ ಹಸುವಿಗೂ ನಾಯಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಮೆಲಾಕ್ಸಿಕ್ಯಾಮ್. ದೇಹದಲ್ಲಿ ಊತ, ನೋವು ಉಂಟುಮಾಡುವ ರಾಸಾಯನಿಕಗಳು ತಯಾರಾಗದಂತೆ ಇದು ತಡೆಯುತ್ತದೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮಲಗಿದಲ್ಲೇ ಇದ್ದ ನಾಯಿ ಎದ್ದು ಓಡಾಡುತ್ತದೆ. ಮೊದಲು ಇಂಜೆಕ್ಷನ್ ಕೊಟ್ಟು, ಮುಂದೆ ಮಾತ್ರೆ ಅಥವಾ ಬಾಯಿಗೆ ಹಾಕುವ ದ್ರವ ಕೊಡುವುದು ರೂಢಿ.

ಆದರೆ ಅದೇ ರಾಸಾಯನಿಕಗಳು ಹೊಟ್ಟೆಯ ಒಳಪದರವನ್ನು ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಅವನ್ನು ತಡೆದಾಗ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಬರಬಹುದು. ಮುದಿನಾಯಿ, ನೀರು ಕುಡಿಯದೆ ಸೊರಗಿದ ನಾಯಿ, ಗರ್ಭದ ಅಥವಾ ಮರಿಗೆ ಹಾಲೂಡುವ ನಾಯಿ, ಇವುಗಳಲ್ಲಿ ಅಪಾಯ ಹೆಚ್ಚು.

ಇನ್ನು ಪ್ರಮಾಣದ ಲೆಕ್ಕ ನೋಡಿ. 400 ಕಿಲೋ ತೂಗುವ ಹಸುವಿಗೆ ವೈದ್ಯರು ಕೊಡುವ ಒಂದು ಡೋಸ್, 20 ಕಿಲೋ ನಾಯಿಯ ಮೊದಲ ದಿನದ ಡೋಸ್‌ಗಿಂತ ಸುಮಾರು 50 ಪಟ್ಟು ದೊಡ್ಡದು. ಹಸು ನಾಯಿಗಿಂತ 20 ಪಟ್ಟು ತೂಕ ಇದೆ ಎಂದು ಭಾಗಿಸಿ ಹಾಕಿದರೂ ನಾಯಿಗೆ ಎರಡೂವರೆ ಪಟ್ಟು ಹೆಚ್ಚು ಬೀಳುತ್ತದೆ, ಏಕೆಂದರೆ ಕಿಲೋ ಲೆಕ್ಕದಲ್ಲೂ ನಾಯಿಗೆ ಬೇಕಾದದ್ದು ಕಡಿಮೆ. ಮೇಲಾಗಿ ಹಸುವಿನ ಕೆಲವು ಬಾಟಲಿಗಳಲ್ಲಿ ಮೆಲಾಕ್ಸಿಕ್ಯಾಮ್ ಜೊತೆ ಪ್ಯಾರಾಸಿಟಮಾಲ್ ಕೂಡ ಬೆರೆತಿರುತ್ತದೆ. ಅಂದಾಜಿನಲ್ಲಿ "ಅರ್ಧ ಸಿರಿಂಜ್" ಹಾಕುವುದು ಏಕೆ ಕೂಡದು ಎನ್ನುವುದಕ್ಕೆ ಇಷ್ಟು ಸಾಕು.

ಸ್ಟೀರಾಯ್ಡ್ ಮತ್ತು ಮನುಷ್ಯರ ಮಾತ್ರೆ

ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಹಾಕಿದರೆ ಮರುದಿನವೇ ನಾಯಿ ಚುರುಕಾದಂತೆ ಕಾಣುತ್ತದೆ. ಪದೇಪದೇ ಹಾಕಿದರೆ ಹಸಿವು ಬಾಯಾರಿಕೆ ಹೆಚ್ಚಿ, ತೂಕ ಏರಿ, ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಸ್ಟೀರಾಯ್ಡ್ ಮತ್ತು ಮೆಲಾಕ್ಸಿಕ್ಯಾಮ್ ಒಟ್ಟಿಗೆ ಬಿದ್ದರೆ ಹೊಟ್ಟೆ ಹುಣ್ಣಾಗುವ ಸಂಭವ ತುಂಬ ಹೆಚ್ಚು. ಆದ್ದರಿಂದ ಹಿಂದಿನ ವಾರ ಯಾರು ಏನು ಇಂಜೆಕ್ಷನ್ ಹಾಕಿದ್ದರು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಗಬ್ಬದ ಹಸುವಿಗಂತೂ ಸ್ಟೀರಾಯ್ಡ್ ಬಿದ್ದರೆ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವ ಅಪಾಯವಿದೆ.

ಮನೆಯಲ್ಲಿ ದೊಡ್ಡವರ ಮಂಡಿನೋವಿಗೆ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗಂತೂ ವಿಷ.

ತಿಂಗಳಿಗೊಂದು ಹೊಸ ಇಂಜೆಕ್ಷನ್

ಮೊಬೈಲ್ ವಿಡಿಯೋಗಳಲ್ಲಿ "ತಿಂಗಳಿಗೊಮ್ಮೆ ಹಾಕಿದರೆ ಸಾಕು" ಎನ್ನುವ ಇಂಜೆಕ್ಷನ್ ಬಗ್ಗೆ ನೀವು ಕೇಳಿರಬಹುದು. ಅದು ಬೆಡಿನ್‌ವೆಟ್‌ಮ್ಯಾಬ್. ನೋವಿನ ಸಂದೇಶ ಸಾಗಿಸುವ ಒಂದು ಪ್ರೋಟೀನನ್ನು ಅದು ತಡೆಯುತ್ತದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅನೇಕ ನಾಯಿಗಳಿಗೆ ಅದರಿಂದ ಗುಣ ಕಂಡಿದೆ. ಆದರೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಕೆಲವು ನಾಯಿಗಳಲ್ಲಿ ತೂರಾಡುವುದು, ಫಿಟ್ಸ್, ಕಾಲಿನ ಸ್ವಾಧೀನ ತಪ್ಪುವುದು, ಮೂತ್ರ ಹಿಡಿತ ತಪ್ಪುವುದು ವರದಿಯಾಗಿದ್ದವು, ಸಾವುಗಳೂ ಇದ್ದವು. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಆ ಸೂಜಿ ತಮಗೆ ಚುಚ್ಚದಂತೆ ವಿಶೇಷ ಎಚ್ಚರ ವಹಿಸಬೇಕೆಂದು ಅದರ ಸೂಚನೆಯಲ್ಲೇ ಇದೆ. ಹೊಸದು ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ.

ಕೊಟ್ಟಿಗೆಗೂ ಇದೇ ಪಾಠ

ಹಸುವಿಗೆ ನೋವಿನ ಇಂಜೆಕ್ಷನ್ ಬಿದ್ದರೆ ಅದರ ಅಂಶ ಹಾಲಿಗೂ ಬರುತ್ತದೆ. ಬಾಟಲಿಯ ಮೇಲೆ ಹಾಲು ಎಷ್ಟು ದಿನ ಬಳಸಬಾರದು ಎಂದು ಬರೆದಿರುತ್ತದೆ. ಆ ಅವಧಿಯನ್ನು ಪರೀಕ್ಷಿಸಿ ನಿಗದಿ ಮಾಡಿರದ ಔಷಧಕ್ಕೆ ನಮ್ಮ ದೇಶದ ನಿಯಮದಂತೆ ಕನಿಷ್ಠ 7 ದಿನ. ಆ ಹಾಲನ್ನು ಸೊಸೈಟಿಗೆ ಹಾಕಬೇಡಿ, ಮನೆಯ ಮಕ್ಕಳಿಗೂ ಕಾಯಿಸಿ ಕೊಡಬೇಡಿ.

ಕೆಲವು ಔಷಧಗಳನ್ನು ಪಶುಗಳಿಗೆ ಬಳಸುವಂತೆಯೇ ಇಲ್ಲ. 1990ರ ದಶಕದಿಂದ ನಮ್ಮ ದೇಶದ ರಣಹದ್ದುಗಳು ನೂರಕ್ಕೆ 90ಕ್ಕಿಂತ ಹೆಚ್ಚು ನಾಶವಾದವು. ಡೈಕ್ಲೋಫೆನಾಕ್ ಹಾಕಿಸಿಕೊಂಡ ದನದ ಹೆಣ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು ಎಂಬುದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಸರ್ಕಾರ ಪಶುಗಳಿಗೆ ಡೈಕ್ಲೋಫೆನಾಕ್ ನಿಲ್ಲಿಸಲು ಕ್ರಮ ಕೈಗೊಂಡಿತು. 2023ರಲ್ಲಿ ಕೀಟೋಪ್ರೊಫೇನ್ ಮತ್ತು ಅಸೆಕ್ಲೋಫೆನಾಕ್, 2024ರ ಕೊನೆಯಲ್ಲಿ ನಿಮೆಸುಲೈಡ್ ನಿಷೇಧದ ಪಟ್ಟಿಗೆ ಸೇರಿದವು. ಹದ್ದು ಹೋದ ಮೇಲೆ ಹೆಣಗಳು ಬೀದಿನಾಯಿಗಳ ಪಾಲಾದವು. ನಾಯಿ ಹೆಚ್ಚಿದಷ್ಟೂ ಹುಚ್ಚುನಾಯಿ ರೋಗದ ಭಯ ಹೆಚ್ಚಿತು. ನಮ್ಮ ರಾಜ್ಯದಲ್ಲಿ ಉಳಿದ ಕೆಲವೇ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಬೇಕಾಯಿತು. ಮೆಲಾಕ್ಸಿಕ್ಯಾಮ್ ರಣಹದ್ದಿಗೆ ಹಾನಿ ಮಾಡುವುದಿಲ್ಲವೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹಳೆಯ ಬಾಟಲಿ ಅಟ್ಟದಲ್ಲಿದ್ದರೆ ಹೆಸರು ಓದಿಸಿ, ನಿಷೇಧವಾದದ್ದನ್ನು ಆಸ್ಪತ್ರೆಗೆ ಒಪ್ಪಿಸಿ.

ತೂಗುವುದು ಹೇಗೆ?

ಹನ್ನೆರಡು ವರ್ಷದ ನಾಯಿ ನೋವಿನಿಂದ ಊಟಕ್ಕೂ ಏಳದಿದ್ದರೆ, ಔಷಧದ ಸಣ್ಣ ಅಪಾಯಕ್ಕಿಂತ ದಿನದಿನದ ನೋವೇ ದೊಡ್ಡದು. ಅಲ್ಲಿ ಇಂಜೆಕ್ಷನ್ ಕೊಡಿಸುವುದೇ ಸರಿ. ಐದು ವರ್ಷದ, ತೂಕ ಹೆಚ್ಚಿದ ನಾಯಿ ಆಗೊಮ್ಮೆ ಈಗೊಮ್ಮೆ ಕುಂಟಿದರೆ ಮೊದಲು ತೂಕ ಇಳಿಸಿ, ಕಾರಣ ಹುಡುಕಿಸಿ. ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿ:

1. ಇದು ಕೀಲುವಾತವೇ, ಉಣುಗಿನ ಜ್ವರವೇ, ಪೆಟ್ಟೇ?
2. ಔಷಧದ ಹೆಸರೇನು, ಎಷ್ಟು ದಿನ? ಚೀಟಿಯಲ್ಲಿ ಬರೆದುಕೊಡಿ.
3. ಮೂತ್ರಪಿಂಡ, ಯಕೃತ್ತಿನ ರಕ್ತಪರೀಕ್ಷೆ ಬೇಕೇ? (ತಿಂಗಳುಗಟ್ಟಲೆ ಕೊಡುವುದಾದರೆ ಬೇಕು.)
4. ಏನು ಕಂಡರೆ ನಿಲ್ಲಿಸಬೇಕು?

ನಾಲ್ಕನೆಯದಕ್ಕೆ ಉತ್ತರ ಈಗಲೇ ನೆನಪಿಡಿ: ವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಊಟ ಬಿಡುವುದು, ವಿಪರೀತ ನೀರು ಕುಡಿಯುವುದು, ಕಣ್ಣು ಹಳದಿಯಾಗುವುದು. ಇದರಲ್ಲಿ ಒಂದು ಕಂಡರೂ ಔಷಧ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಮಾತ್ರೆ ಯಾವಾಗಲೂ ಊಟದ ಜೊತೆಗೆ, ಕುಡಿಯಲು ನೀರು ಸದಾ ಇರಲಿ.

ಖರ್ಚಿಲ್ಲದ ಚಿಕಿತ್ಸೆ

ತೂಕ ಇಳಿಸುವುದು ಔಷಧಕ್ಕೆ ಸಮ. ಒಂದು ಅಧ್ಯಯನದಲ್ಲಿ ದಪ್ಪ ನಾಯಿಗಳು ನೂರಕ್ಕೆ ಆರರಷ್ಟು ತೂಕ ಇಳಿಸಿದಾಗಲೇ ಕುಂಟು ಕಡಿಮೆಯಾಯಿತು. 25 ಕಿಲೋ ನಾಯಿಗೆ ಅದು ಒಂದೂವರೆ ಕಿಲೋ ಮಾತ್ರ. ಅನ್ನದ ಪ್ರಮಾಣ ಇಳಿಸಿ, ನಡುನಡುವೆ ಹಾಕುವ ಬಿಸ್ಕತ್ತು, ರೊಟ್ಟಿ ನಿಲ್ಲಿಸಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬಿಡದೆ ಬಚ್ಚಲೊಲೆಯ ಹತ್ತಿರ ದಪ್ಪ ಗೋಣಿಚೀಲ ಹಾಸಿ. ನುಣುಪು ನೆಲದಲ್ಲಿ ಜಾರದಂತೆ ಚೀಲ ಹಾಕಿ, ಬೆಳೆದ ಉಗುರು ಕತ್ತರಿಸಿ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ನಡೆಸಿ. ಇಂಜೆಕ್ಷನ್ ಆದ ಮೇಲೆ ನೋವು ಮರೆತು ಹಂದಿಯ ಹಿಂದೆ ಓಡಿದರೆ ಕೀಲು ಇನ್ನಷ್ಟು ಕೆಡುತ್ತದೆ, ಕೆಲದಿನ ಕಟ್ಟಿ ಹಾಕಿ.

ನೋವಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು. ಇಂಜೆಕ್ಷನ್ ಕೊಡಿಸುವಾಗ ಬಾಯಿಗೆ ಬಟ್ಟೆ ಕಟ್ಟಿ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಹತ್ತಿರದ ಪಶು ಆಸ್ಪತ್ರೆಗೆ ಹೋಗಲಾಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ಸಂಖ್ಯೆ 1962ಕ್ಕೆ ಕರೆ ಮಾಡಿ ವಿಚಾರಿಸಿ. ಕರೆ ಮಾಡುವ ಮುಂಚೆ ನಾಯಿಯ ವಯಸ್ಸು, ಅಂದಾಜು ತೂಕ, ಈಗಾಗಲೇ ಕೊಟ್ಟ ಔಷಧದ ಹೆಸರು, ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.